ಬೀರುವಿನ ಎರಡು ಕಣ್ಣು

ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಗೆ ಬಂದಮೇಲೆ ಅನಿಸುತ್ತದಲ್ಲ, ಅಂಥದೇ ಒಂದು ಅನುಮಾನ ಬೆಳಗ್ಗೆ ಎದ್ದಾಗಿನಿಂದ ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಒಲೆಯನ್ನು ಅವಳು ಹೊತ್ತಿಸಿಯೇ ಇರಲಿಲ್ಲ. ಚಹಾ ಮಾಡಿದ್ದು ಅಮ್ಮ. ಬಾಗಿಲಿಗೆ ಚಿಲಕ ಹಾಕಿದ್ದೂ ಅಮ್ಮನೇ, "ಛತ್ರಿ ತಗೊಂಡ್ಯಾ, ಊಟದ ಡಬ್ಬಿ ತಗೊಂಡ್ಯಾ, ತಲೆ ತಗೊಂಡ್ಯಾ" ಎಂದು ದಿನದ ಮಂತ್ರ ಮುಗಿಸಿ. ಬಸ್ಸಿನಲ್ಲಿ ಕೂತು ಚೀಲ ಬಿಚ್ಚಿ ನೋಡಿದಳು. ನಕ್ಷೆಯ ಸುರುಳಿ ಇತ್ತು, ಅಳತೆಪಟ್ಟಿ ಇತ್ತು, ನಿನ್ನೆ ಸಂಜೆ ನೆಲಕ್ಕೆ ಅಂಟಿಸಿ ಉಳಿದ ನೀಲಿ ಟೇಪಿತ್ತು. ಎಲ್ಲ ಇದ್ದುದಕ್ಕೇ ಇನ್ನಷ್ಟು ದಿಗಿಲಾಯಿತು. ಹಾಗಾದರೆ ಮರೆತದ್ದು ಚೀಲದಲ್ಲಿ ಹಿಡಿಸುವಂಥದ್ದಲ್ಲ. ಟಿಕೆಟ್ಟಿನವನು ಬಂದು ಎಲ್ಲಿಗೆ ಎಂದು ಕೇಳಿದಾಗ "ಬೀರು" ಅಂದಳು. ಆ ನಗರದಲ್ಲಿ ಅಷ್ಟು ಹೇಳಿದರೆ ಸಾಕು.

ಕಟ್ಟಡಕ್ಕೆ ಕಾಗದದ ಮೇಲೆ ಒಂದು ಗಂಭೀರವಾದ ಹೆಸರಿತ್ತು, ಆದರೆ ಅದನ್ನು ಯಾರೂ ಬಳಸಿದ್ದು ಅವಳು ಕೇಳಿರಲಿಲ್ಲ. ನೆತ್ತಿಯ ಮೇಲೆ ಹಳೇ ಮರದ ಬೀರುವಿಗೆ ಇರುವಂಥ ಬಾಗಿದ ಕಿರೀಟ, ಗುಲಾಬಿ ಕಲ್ಲಿನ ಮೈ, ಏನನ್ನೂ ಹೊರದೆ ಸುಮ್ಮನೆ ಬಾಗಿಲ ಮುಂದೆ ನಿಂತ ದಪ್ಪ ದಪ್ಪ ಕಂಬಗಳು. ಗಾಜಿನ ಡಬ್ಬಿಗಳನ್ನು ಕಟ್ಟೀ ಕಟ್ಟೀ ಬೇಸತ್ತ ವಾಸ್ತುಶಿಲ್ಪಿಗಳು, ಕಟ್ಟಡವೂ ಒಂದಿಷ್ಟು ನಗಲಿ ಎಂದು ಹೊರಟಿದ್ದ ಕಾಲದ ಕೂಸು ಅದು. ಹಣೆಯಲ್ಲಿ ಎರಡು ಮಹಡಿಯಷ್ಟು ಎತ್ತರದ ದುಂಡು ಕಿಟಕಿಯೊಂದು ಬೀದಿಯನ್ನು ನೋಡುತ್ತಿತ್ತು. ಮುಂದೊಂದು ಕಣ್ಣಿದ್ದ ಮೇಲೆ ಹಿಂದೊಂದು ಬೇಡವೇ ಎಂದು ಹಿಂಬದಿಗೂ ಅಷ್ಟೇ ದೊಡ್ಡ ದುಂಡು ಚೌಕಟ್ಟು ಕೂರಿಸಿದ್ದರು. ಅಲ್ಲಿ ಕೈ ಚಾಚಿದರೆ ತಗಲುವಷ್ಟು ಹತ್ತಿರ ಪಕ್ಕದ ಕಟ್ಟಡದ ಗೋಡೆ; ನೋಡಲು ಏನೂ ಇಲ್ಲ. ಆದ್ದರಿಂದ ಹೊರಗಿನಿಂದ ಇಟ್ಟಿಗೆ ಕಟ್ಟಿ, ಒಳಗಿನಿಂದ ಮಬ್ಬು ಗಾಜು ಹಾಕಿ, ನಡುವೆ ಟ್ಯೂಬ್‌ಲೈಟು ಉರಿಸಿಬಿಟ್ಟಿದ್ದರು. ಅದರ ಪಕ್ಕದಲ್ಲಿ ಕೂತು ಮುದುಕರಾದ ಗುಮಾಸ್ತರು ಕರೆಂಟು ಹೋದಾಗಲೆಲ್ಲ "ಮೋಡ ಕವೀತು" ಅನ್ನುತ್ತಿದ್ದರಂತೆ. ಈ ಕತೆಯನ್ನು ಅವಳಿಗೆ ಹೇಳಿದವರು ಅವಳು ನಕ್ಷೆ ಬರೆಯುವ ಕಚೇರಿಯ ಯಜಮಾನರು. ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳೂ ನಕ್ಕಿದ್ದಳು. ಈಗ ಬಸ್ಸಿನಲ್ಲಿ ಆ ನಗು ನೆನಪಾಗಿ ಕೆನ್ನೆ ಬಿಸಿಯಾಯಿತು. ಯಾಕೆಂದರೆ ನಕ್ಕ ಮಾರನೆಯ ದಿನವೇ ಅವಳು ಆ ಕುರುಡುಕಣ್ಣನ್ನು ಮೂವರು ಹೆಂಗಸರಿಗೆ ಕಿಟಕಿಯೆಂದು ಹೇಳಿ ದಾಟಿಸಿದ್ದಳು.

ಬೀರುವಿನಲ್ಲಿ ಇರುವುದು ನಗರದ ನೀರಿನ ಕಚೇರಿ. ನಲ್ಲಿ ಒಣಗಿದರೆ, ಕೊಳವೆ ಒಡೆದರೆ, ನೀರು ಕೆಂಪಗೆ ಬಂದರೆ ಜನ ಫೋನು ಮಾಡುವುದು ಅಲ್ಲಿಗೆ. ಆ ಫೋನು ಎತ್ತುವ ಹೆಂಗಸರು ಕೂರುವುದು ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದ ಗೋಡೆಯಾಚೆ. ಕಟ್ಟಡವನ್ನು ಹೊಸದು ಮಾಡುವ ಕೆಲಸ ಶುರುವಾದಾಗ ಅಳತೆ ತೆಗೆಯಲು ಹೋದವಳಿಗೆ ಅಲ್ಲಿನ ಹಿರಿಯಳು, ಎಲ್ಲರೂ ಫೋನಕ್ಕ ಎಂದು ಕರೆಯುವವಳು, ಚಹಾ ಕೊಟ್ಟು ಬೆಂಚಿನ ಮೇಲೆ ಕೂರಿಸಿಕೊಂಡಿದ್ದಳು. "ನಮ್ಮನ್ನ ಮೇಲಕ್ಕೆ ಹಾಕ್ತಾರಂತೆ ಹೌದಾ? ಒಂದು ಕಿಟಕಿ ಬರುತ್ತೇನಮ್ಮ? ಮೊನ್ನೆ ಒಬ್ಬರು ಫೋನ್ ಮಾಡಿ ಬಾಗಿಲ ತನಕ ನೀರು ಬಂದಿದೆ ಅಂದ್ರು. ಕೊಳವೆ ಒಡೆದಿದೆಯಾ ಸಾರ್ ಅಂತ ಕೇಳಿದೆ. ಮಳೆ ಕಣ್ರೀ, ಬೆಳಗ್ಗೆಯಿಂದ ಹುಯ್ತಾ ಇದೆ, ನೀವು ಯಾವ ಲೋಕದಲ್ಲಿ ಇದ್ದೀರಿ ಅಂತ ಬೈದ್ರು. ನಿಜ ಹೇಳ್ತೀನಿ, ನಂಗೆ ಮಳೆ ಬರ್ತಿರೋದೇ ಗೊತ್ತಿರಲಿಲ್ಲ." ಉಳಿದ ಇಬ್ಬರೂ ನಕ್ಕರು, ಫೋನಕ್ಕ ನಗಲಿಲ್ಲ. ಆಗ ಅವಳು ನಕ್ಷೆಯ ಮೇಲೆ ಬೆರಳಿಟ್ಟು "ನಿಮಗೆ ದುಂಡು ಕಿಟಕಿಯ ಪಕ್ಕಾನೇ ಜಾಗ" ಎಂದಿದ್ದಳು. ಯಾವ ದುಂಡು ಎಂದು ಹೇಳಲಿಲ್ಲ. ಬೀದಿಯ ಕಡೆಯದು ನೀರಿನ ಕಚೇರಿಯ ನಿರ್ದೇಶಕರಿಗೆ, ಹಿಂದಿನದು ಇವರಿಗೆ. ಯಜಮಾನರು ಹಾಗೆಯೇ ಬರೆಯಿಸಿದ್ದರು. "ಕಿಟಕಿ ಅಂತಲೇ ಹೇಳು. ಬೆಳಕು ಬರುತ್ತಲ್ಲ, ಇನ್ನೇನು ಬೇಕು." ಸುಳ್ಳಿನಲ್ಲಿ ಎಷ್ಟು ಜಾತಿ ಎಂದು ಅವಳು ಆಮೇಲೆ ಎಷ್ಟೋ ಸಲ ಯೋಚಿಸಿದ್ದಳು. ಹೇಳಿದ್ದೆಲ್ಲ ನಿಜವಾಗಿದ್ದೂ ಸುಳ್ಳಾಗುವ ಜಾತಿಗೆ ಹೆಸರು ಸಿಕ್ಕಿರಲಿಲ್ಲ.

ಬೀರು ಬಂತು, ಇಳಿದಳು. ಯಜಮಾನರು ಆಗಲೇ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದರು. "ಏನಮ್ಮ ದಿಕ್ಸೂಚಿ, ದಾರಿ ಸಿಕ್ತಾ?" ಅವರು ಇಟ್ಟ ಹೆಸರು ಅದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ನಕ್ಷೆಯಲ್ಲಿ ಉತ್ತರದ ಬಾಣವನ್ನು ದಕ್ಷಿಣಕ್ಕೆ ಬರೆದಿದ್ದಳು. ಅವರು ಗಿರಾಕಿಗಳ ಮುಂದೆ ಹಾಳೆಯನ್ನು ಎತ್ತಿ ಹಿಡಿದು, "ನೋಡಿ, ನಮ್ಮ ಹುಡುಗಿ ಸೂರ್ಯನನ್ನೇ ತಿರುಗಿಸಿಬಿಟ್ಟಿದ್ದಾಳೆ" ಎಂದಿದ್ದರು. ಅಂದಿನಿಂದ ಅವಳು ದಿಕ್ಸೂಚಿ. ಪ್ರೀತಿಯಿಂದಲೇ ಕರೆಯುತ್ತಾರೆ, ಅದು ಅವಳಿಗೂ ಗೊತ್ತು. ಪ್ರೀತಿಯಿಂದ ಚುಚ್ಚಿದ ಮುಳ್ಳು ತೆಗೆಯುವುದು ಇನ್ನೂ ಕಷ್ಟ, ಕೊಟ್ಟವರ ಮುಂದೆ ಮುಖ ಕಿವುಚುವಂತಿಲ್ಲ.

ಎಡಬಲ ಅವಳಿಗೆ ಹುಟ್ಟಿನಿಂದಲೇ ಒಲಿದಿರಲಿಲ್ಲ. ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ನೆಂಟರ ನಡುವೆ ಬಂದು ನಿಂತಾಗ ಚಿಕ್ಕಮ್ಮ ಎಲ್ಲರಿಗೂ ಕೇಳುವ ಹಾಗೆ, "ಈ ಮಗೂನ ಕಾಲು ಎರಡೂ ಜಗಳ ಆಡ್ಕೊಂಡಿವೆ" ಅಂದಿದ್ದಳು. ಅಜ್ಜಿ ಮಾತ್ರ ಬೈಯಲಿಲ್ಲ. ರಾತ್ರಿ ತೊಡೆಯ ಮೇಲೆ ಮಲಗಿಸಿಕೊಂಡು ಒಬ್ಬ ರಾಜನ ಕತೆ ಹೇಳಿದ್ದಳು. ಇಬ್ಬರು ರಾಣಿಯರಲ್ಲಿ ಯಾರಿಗೂ ಕೊರಗು ಬರಬಾರದೆಂದು ಆ ರಾಜ ಅರಮನೆಯನ್ನು ಎರಡು ಪಾಲು ಮಾಡಿ, ಕಂಬಕ್ಕೆ ಕಂಬ, ಬಾಗಿಲಿಗೆ ಬಾಗಿಲು, ಕೊನೆಗೆ ಗಿಳಿಯ ಪಂಜರಕ್ಕೆ ಪಂಜರ ಸರಿಹೊಂದಿಸಿ ಕಟ್ಟಿಸಿದನಂತೆ. ಕಟ್ಟಿಸಿದ ಮೇಲೆ ಯಾವ ರಾಣಿ ಯಾವ ಕಡೆ ಎಂದು ಅವನಿಗೇ ತಿಳಿಯದೆ ಹೋಯಿತು. ಹಿರಿಯಳ ಬಾಗಿಲಲ್ಲಿ ನಿಂತು ಕಿರಿಯಳನ್ನು ಮುದ್ದಿನ ಹೆಸರು ಹಿಡಿದು ಕರೆದುಬಿಟ್ಟ. "ಆಮೇಲೇನಾಯ್ತಜ್ಜಿ?" "ಇನ್ನೇನಾಗುತ್ತೆ, ಸಾಯೋ ತನಕ ಮೆಟ್ಟಿಲ ಮೇಲೇ ಮಲಗಿದ." ಅವಳು ಬಿದ್ದು ಬಿದ್ದು ನಕ್ಕಿದ್ದಳು. ಬೀರುವಿನ ನಕ್ಷೆಯನ್ನು ಮೊದಲ ಸಲ ಬಿಚ್ಚಿದಾಗ ಅವಳಿಗೆ ಆ ರಾಜನೇ ನೆನಪಾದ. ನಡುವೆ ದುಂಡಗಿನ ಹಜಾರ. ಹಜಾರದಲ್ಲಿ ಎದುರುಬದುರು ಎರಡು ಲಿಫ್ಟು, ಒಂದೇ ಮೂಗು ಒಂದೇ ಮುಖದ ಅವಳಿಗಳ ಹಾಗೆ. ಹಜಾರದ ಎರಡು ಕಡೆಗೂ ಒಂದೇ ಉದ್ದದ ಎರಡು ಕೋಣೆಸಾಲು. ಒಂದರ ಕೊನೆಯಲ್ಲಿ ಕಾಣುವ ಕಣ್ಣು, ಇನ್ನೊಂದರ ಕೊನೆಯಲ್ಲಿ ಕಾಣದ ಕಣ್ಣು.

ಲಿಫ್ಟಿನಲ್ಲಿ ನಿರ್ದೇಶಕರೂ ಜೊತೆಗೆ ಬಂದರು. ಮೂಗಿನ ಬುಡವನ್ನು ಎರಡು ಬೆರಳಲ್ಲಿ ಒತ್ತಿಕೊಂಡೇ ಮಾತಾಡುವ ಮನುಷ್ಯ. ತಲೆನೋವು ಅವರಿಗೆ ಹುದ್ದೆಯ ಜೊತೆಗೇ ಬಂದದ್ದೆಂದು ಕಚೇರಿಯಲ್ಲಿ ಹೇಳುತ್ತಿದ್ದರು. "ಆ ಕಡೆ ಲಿಫ್ಟ್ ಏನಾಯ್ತು?" "ಸಾಮಾನು ಸಾಗಿಸೋಕೆ ಇಟ್ಕೊಂಡಿದ್ದಾರೆ ಸರ್, ನಿನ್ನೆಯಿಂದ," ಎಂದಳು ಅವಳು. ಹೇಳುತ್ತಿದ್ದಂತೆ ಎದೆಯೊಳಗಿನ ಒಲೆ ಒಮ್ಮೆ ಭಗ್ಗೆಂದಿತು. ಯಾಕೆಂದು ತಿಳಿಯುವ ಮೊದಲೇ ಬಾಗಿಲು ತೆರೆಯಿತು.

ಮಹಡಿ ಪೂರ್ತಿ ಬಿಚ್ಚಿ ಬಯಲಾಗಿತ್ತು. ಹಳೆಯ ಗೋಡೆಗಳಿಲ್ಲ, ಚಾವಣಿಯ ಹಲಗೆಗಳಿಲ್ಲ, ಮೇಲೆ ಕೊಳವೆ ತಂತಿಗಳೆಲ್ಲ ನಾಚಿಕೆಯಿಲ್ಲದೆ ಕಾಣುತ್ತಿದ್ದವು. ಧೂಳು ಹೋಗದಿರಲೆಂದು ಕಿಟಕಿಗಳಿಗೆಲ್ಲ ಒಳಗಿನಿಂದ ಬಿಳಿ ಪ್ಲಾಸ್ಟಿಕ್ ಹೊದಿಸಿದ್ದರು. ಎರಡು ತುದಿಗಳಲ್ಲಿ ಎರಡು ದುಂಡು ಚೌಕಟ್ಟುಗಳು. ಈ ಮಹಡಿಗೆ ಬರುವುದು ಅವುಗಳ ಕೆಳ ಅರ್ಧ ಮಾತ್ರ, ಹಾಲು ತುಂಬಿದ ಎರಡು ಬೋಗುಣಿಗಳ ಹಾಗೆ ಎದುರುಬದುರು ಬೆಳ್ಳಗೆ ಹೊಳೆಯುತ್ತಿದ್ದವು. ನೆಲದ ತುಂಬ ನಿನ್ನೆ ಅವಳು ಮೊಣಕಾಲೂರಿ ಅಂಟಿಸಿದ ನೀಲಿ ಗೆರೆಗಳು. ಯಜಮಾನರ ಪದ್ಧತಿ ಅದು: ಗೋಡೆ ಎಬ್ಬಿಸುವ ಮೊದಲು ನಿಜವಾದ ಅಳತೆಯಲ್ಲಿ ಟೇಪಿನ ಕಚೇರಿ ಕಟ್ಟುವುದು, ಅಲ್ಲಿ ಕೂರಬೇಕಾದವರನ್ನೇ ಕರೆಸಿ ಓಡಾಡಿಸುವುದು, ಹೂಂ ಅಂದರೆ ಮಾತ್ರ ಮುಂದಿನ ಕೆಲಸ. "ಕಾಗದ ನೋಡಿ ತಲೆ ಆಡಿಸಿದವರು ಗೋಡೆ ಎದ್ದಮೇಲೆ ತಲೆ ಚಚ್ಕೋತಾರೆ. ಕಾಲು ಒಪ್ಪಬೇಕು, ಕಾಲು."

ಕಾಲುಗಳು ಒಪ್ಪುತ್ತಿದ್ದವು. ಅವಳಿಗೆ ಯಾವತ್ತೂ ಬೆರಗು ಹುಟ್ಟಿಸುತ್ತಿದ್ದುದು ಇದೇ, ಜನ ಟೇಪಿನ ಗೋಡೆಯನ್ನು ದಾಟುವುದಿಲ್ಲ. ಇಷ್ಟು ದೊಡ್ಡ ನಿರ್ದೇಶಕರು ಗೆರೆಯ ಪಕ್ಕದಲ್ಲೇ ನಡೆದು, ಬಾಗಿಲೆಂದು ಬಿಟ್ಟ ಸಂದಿನಲ್ಲಿ ತಿರುಗಿ, ಇಲ್ಲದ ಹೊಸ್ತಿಲನ್ನು ದಾಟಿ ತಮ್ಮ ಕೋಣೆ ಹೊಕ್ಕರು. ಅತ್ತಿತ್ತ ಓಡಾಡಿದರು. ಒಂದು ಕೈ ಬೆನ್ನ ಹಿಂದೆ ಇಟ್ಟು ಬಿಳಿ ಬೋಗುಣಿಯ ಮುಂದೆ ನಿಂತರು. ಆಮೇಲೆ ಮೂಗಿನಿಂದ ಬೆರಳು ತೆಗೆದರು.

"ಏನ್ರೀ ಇದು, ಇಷ್ಟು ನಿಶ್ಶಬ್ದ. ಈಗಿರೋ ಮೇಲಿನ ಕೋಣೇಲಿ ಬಸ್ಸಿನ ಹಾರನ್ ಕೇಳಿ ಕೇಳಿ ನಂಗೆ ಹುಚ್ಚು ಹಿಡಿಯೋದೊಂದು ಬಾಕಿ ಇತ್ತು. ಹೊಸ ಗಾಜು ಹಾಕಿಸಿದ್ರಾ?"

"ಇನ್ನೂ ಹಾಕೇ ಇಲ್ಲ ಸರ್," ಯಜಮಾನರ ಮುಖ ಅರಳಿತು. "ಹಾಕಿದ ಮೇಲೆ ನೋಡ್ತಾ ಇರಿ, ನಿಮ್ಮ ಉಸಿರು ನಿಮಗೇ ಕೇಳ್ಸುತ್ತೆ."

ಗಾಜು ಹಾಕಿಲ್ಲದೆ ನಿಶ್ಶಬ್ದ ಎಲ್ಲಿಂದ ಬಂತು ಎಂದು ಯಜಮಾನರು ಕೇಳಿಕೊಳ್ಳಲಿಲ್ಲ. ಹೊಗಳಿಕೆಗೆ ಯಾರು ತಾನೇ ಮರುಪ್ರಶ್ನೆ ಕೇಳುತ್ತಾರೆ. ಅವಳು ಮಾತ್ರ ಕೇಳಿಕೊಂಡಳು. ಅಷ್ಟರಲ್ಲಿ ಮಹಡಿಯ ಇನ್ನೊಂದು ತುದಿಯಿಂದ ಫೋನಕ್ಕನ ಗುಂಪಿನ ನಗು ಕೇಳಿಸಿತು, ಆ ಕಡೆ ನಡೆದಳು. ನಡೆಯುತ್ತ ನಡೆಯುತ್ತ ಬಸ್ಸಿನ ಸದ್ದು ಹತ್ತಿರವಾಯಿತು. ಕಿವಿಗೆ ಕೇಳಿಸಿದ್ದನ್ನು ಮನಸ್ಸು ಒಪ್ಪದೆ, ಇದು ಎಲ್ಲಿಂದಲೋ ಸುತ್ತಿಕೊಂಡು ಬರುತ್ತಿರುವ ಸದ್ದಿರಬೇಕು ಎಂದಿತು.

ಮೂವರು ಹೆಂಗಸರು ತಮ್ಮ ಟೇಪಿನ ಮೇಜುಗಳನ್ನು ಆಗಲೇ ಹಂಚಿಕೊಂಡು ಮುಗಿಸಿದ್ದರು. ಒಬ್ಬಳು ಗೋಡೆಯ ಕಡೆ ಬೇಕೆಂದೂ ಇನ್ನೊಬ್ಬಳು ತನಗೆ ನೆಗಡಿಯೆಂದೂ ಹೇಳಿ, ಫೋನಕ್ಕನಿಗೆ ಬೋಗುಣಿಯ ತಳದ ಜಾಗ ಬಿಟ್ಟುಕೊಟ್ಟಿದ್ದರು. ಫೋನಕ್ಕ ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಿದ್ದಳು. "ಬಾಮ್ಮ. ನೋಡು, ಮಹಾರಾಣಿ ಹಾಗೆ ಕಾಣ್ತೀನಾ?" ಎಂದು ಕೇಳುತ್ತಲೇ ಪ್ಲಾಸ್ಟಿಕ್ಕಿನ ಅಂಚನ್ನು ಉಗುರಿನಿಂದ ಕೆರೆದು ಒಂದು ಬೆರಳಿನಷ್ಟು ಕಂಡಿ ಮಾಡಿ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಅಲ್ಲಿಗೆ ಒತ್ತಿದಳು. "ಅಯ್ಯೋ, ಇಲ್ಲಿ ನೋಡ್ರೇ. ನಮ್ಮ ಬಸ್‌ಸ್ಟಾಪ್. ನಾವು ದಿನಾ ಇಳಿಯೋ ಜಾಗ ಮೇಲಿಂದ ಹೀಗೆ ಕಾಣುತ್ತೇನು."

ಉಳಿದಿಬ್ಬರು ಸರದಿಗಾಗಿ ತಳ್ಳಾಡತೊಡಗಿದರು. ಅವಳು ನಿಂತಲ್ಲೇ ನಿಂತಳು. ಬಸ್‌ಸ್ಟಾಪ್ ಇರುವುದು ಬೀದಿಯ ಕಡೆ. ಬೀದಿಯ ಕಡೆ ಇರಬೇಕಾದ್ದು ನಿರ್ದೇಶಕರು.

ಎಲ್ಲ ಒಟ್ಟಿಗೆ, ಗಂಟು ಬಿಚ್ಚಿದ ಹುರಿಯ ಹಾಗೆ, ಸರಸರನೆ ಬಿಚ್ಚಿಕೊಂಡಿತು. ನಿನ್ನೆ ಸಂಜೆ ಅವಳು ದಿನಾ ಹತ್ತುವ ಲಿಫ್ಟು ಮುಚ್ಚಿತ್ತು. ಎದುರಿನ ಲಿಫ್ಟಿನಲ್ಲಿ ಬಂದಳು. ಹೊರಗೆ ಬಂದು, ತಿಂಗಳುಗಟ್ಟಲೆ ತಿರುಗಿದ ಹಾಗೆಯೇ ಬಲಕ್ಕೆ ತಿರುಗಿದಳು. ಬಲಕ್ಕೆ ಬೀದಿ ಎಂದು ಅವಳ ತಲೆಗಲ್ಲ, ಕಾಲಿಗೆ ಗೊತ್ತಿತ್ತು; ಎಡಬಲದ ಜಗಳಕ್ಕೆ ಅವಳು ಕಂಡುಕೊಂಡಿದ್ದ ಉಪಾಯವೇ ಅದು, ಯೋಚಿಸದೆ ಕಾಲಿಗೆ ಬಿಡುವುದು. ಎದುರಿನ ಬಾಗಿಲಿಂದ ಹೊರಟವರಿಗೆ ಬಲ ಎಂಬುದು ಹಿಂಬದಿಯಾಗುತ್ತದೆ ಎಂದು ಕಾಲಿಗೆ ಯಾರು ಹೇಳಬೇಕಿತ್ತು. ಕಂಬಕ್ಕೆ ಕಂಬ ಕೂಡಿತು, ಅಳತೆಗೆ ಅಳತೆ ಕೂಡಿತು, ಬೋಗುಣಿಗೆ ಬೋಗುಣಿ. ಇಡೀ ಕಚೇರಿಯನ್ನು ಅವಳು ತಲೆಕೆಳಗಾಗಿ ತಿರುಗಿಸಿಟ್ಟಿದ್ದಳು, ಒಂದು ಗೆರೆಯೂ ತಪ್ಪದ ಹಾಗೆ. ನಿರ್ದೇಶಕರು ಈಗ ನಿಂತು ಮೆಚ್ಚಿಕೊಳ್ಳುತ್ತಿರುವುದು ಇಟ್ಟಿಗೆ ಗೋಡೆಯನ್ನು. ಫೋನಕ್ಕ ಕೂತಿರುವುದು ಮೂವತ್ತು ವರ್ಷದಿಂದ ನಿರ್ದೇಶಕರಿಗೇ ಮೀಸಲಾದ ಕಣ್ಣಿನ ಹಿಂದೆ. ತಪ್ಪು ಅವಳ ಸುಳ್ಳನ್ನು ನಿಜ ಮಾಡಿ ಕೂರಿಸಿತ್ತು.

ಇದು ತಪ್ಪೇ ಹೌದೇ? ಕಾಲು ತಾನಾಗಿ ತಿರುಗಿತೋ, ಒಳಗಿನಿಂದ ಯಾರಾದರೂ ತಿರುಗಿಸಿದರೋ? ನಿನ್ನೆ ಟೇಪು ಹಚ್ಚುವಾಗ ಒಂದು ಕ್ಷಣ ಕೈ ತಡೆದದ್ದು ಈಗ ನೆನಪಾಯಿತು. ತಡೆದು, ಆಮೇಲೆ ಹಗುರವಾಗಿ ಮುಂದೆ ಹೋದದ್ದು. ಅಷ್ಟು ಹಗುರ ಯಾಕಿತ್ತು? ಗೊತ್ತಿದ್ದೂ ಗೊತ್ತಿಲ್ಲದವಳಾಗಿದ್ದೆನೇ ಎಂದು ತನ್ನನ್ನು ಕೇಳಿಕೊಂಡಳು. ಸುಮ್ಮನಿದ್ದರೆ ಏನಾಗುತ್ತದೆ ಎಂಬುದು ಮಾತ್ರ ಸ್ಪಷ್ಟವಾಗಿ ಕಂಡಿತು. ಎಲ್ಲರೂ ಈಗ ಹೂಂ ಎಂದು ಹೋಗುತ್ತಾರೆ. ಗಾರೆಯವರು ನೆಲ ನೋಡುವುದಿಲ್ಲ, ನಕ್ಷೆ ನೋಡುತ್ತಾರೆ. ನಕ್ಷೆ ಸರಿಯಾಗಿಯೇ ಇದೆ. ಗೋಡೆ ಏಳುತ್ತದೆ. ಒಂದು ಬೆಳಗ್ಗೆ ಫೋನಕ್ಕ ಚೀಲ ಹಿಡಿದು ಮೇಲೆ ಬಂದು ಟ್ಯೂಬ್‌ಲೈಟಿನ ಮುಂದೆ ಕೂರುತ್ತಾಳೆ. ಬೈಯುವುದಿಲ್ಲ. ಅಂಥವರು ಬೈಯುವುದಿಲ್ಲ, ಎಲ್ಲೋ ನಾನೇ ತಪ್ಪು ತಿಳಿದುಕೊಂಡೆ ಅಂದುಕೊಳ್ಳುತ್ತಾರೆ. ಆ ಅಂದುಕೊಳ್ಳುವಿಕೆಯನ್ನು ನೆನೆದೇ ಅವಳ ಕಾಲು ಯಜಮಾನರ ಕಡೆ ಹೊರಟಿತು.

ಅವರನ್ನು ಕಂಬದ ಮರೆಗೆ ಕರೆದು ಪಿಸುಮಾತಿನಲ್ಲಿ ಹೇಳಿದಳು. ಅವರು ಒಮ್ಮೆ ಆ ಬೋಗುಣಿಯನ್ನೂ ಒಮ್ಮೆ ಈ ಬೋಗುಣಿಯನ್ನೂ ನೋಡಿದರು. ಅವರ ಕಣ್ಣು ಕೂಡ ದಾರಿ ತಪ್ಪಿದ್ದನ್ನು ನೋಡಿ ಅವಳಿಗೆ ಅಂಥ ಹೊತ್ತಿನಲ್ಲೂ ಒಂದು ಚೂರು ಸಮಾಧಾನವಾಯಿತು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹಾಗಾದ್ರೆ ಸುಮ್ಮನಿರು. ಸಂಜೆ ಟೇಪ್ ಕಿತ್ತು ಹಾಕಿದ್ರೆ ಆಯ್ತು. ಅವರು ನೋಡಿದ್ದು ಅಳತೆ, ಅಳತೆ ಸರಿಯಾಗಿದೆ. ಅವರಿಗೆ ಕೋಣೆ ಇಷ್ಟವಾಗಿದೆ, ಇವರಿಗೆ ಮೇಜು ಇಷ್ಟವಾಗಿದೆ. ಈಗ ನೀನು ಬಾಯಿ ಬಿಟ್ರೆ ಕಟ್ಟಡದ ಹಿಂದು ಮುಂದು ಗೊತ್ತಿಲ್ಲದೋರು ಕಟ್ಟಡ ರಿಪೇರಿ ಮಾಡ್ತಿದ್ದಾರೆ ಅಂತ ಊರೆಲ್ಲ ಆಡ್ಕೊಳ್ಳುತ್ತೆ. ನನ್ನ ತಲೆ ನೋಡು, ಇದು ಸುಮ್ಮನೆ ನೆರೆತದ್ದಲ್ಲ." ಆಮೇಲೆ, ಸ್ವಲ್ಪ ಮೆತ್ತಗೆ, "ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ ಕಣಮ್ಮ."

ನಿಜವಾಗಿಯೂ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದರು. ಅವರಿಗೆ ಎದುರಾಡಿ ಅಭ್ಯಾಸವಿಲ್ಲದ ಅವಳ ತಲೆ ತಾನಾಗಿ ಆಡಿತು. ನಿರ್ದೇಶಕರು ಕೋಣೆಯ ಬಾಗಿಲಿನಿಂದಲೇ ಹೊರಗೆ ಬಂದು ಎಲ್ಲರನ್ನೂ ಹಜಾರಕ್ಕೆ ಕರೆದರು. "ನನಗೆ ಒಪ್ಪಿಗೆ. ನೀವೆಲ್ಲ ಏನಂತೀರಿ?" ಮೂವರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿ, ಕೇಳಿಸಿಕೊಳ್ಳುವುದೇ ಕಸುಬಾದವರಿಗೆ ತಮ್ಮನ್ನೇ ಯಾರಾದರೂ ಕೇಳಿದಾಗ ಆಗುವ ಸಂಕೋಚದಿಂದ, ಹೂಂ ಅಂದರು. ಫೋನಕ್ಕ "ನಮಗೂ ಕಣ್ಣು ಬಂತು ಸರ್" ಎಂದಳು. ಬೇಡವೆಂದರೂ ಅವಳ ದನಿಯಲ್ಲಿ ಒಂದು ತೇವ ಇತ್ತು.

"ಹಿಂದು ಮುಂದಾಗಿದೆ," ಎಂದಳು ಅವಳು.

ಎಲ್ಲರೂ ತಿರುಗಿದರು. ದನಿ ತನ್ನದೇ ಎಂದು ಖಾತ್ರಿಯಾಗಲು ಇನ್ನೊಮ್ಮೆ ಹೇಳಬೇಕಾಯಿತು. "ಟೇಪು ಹಿಂದು ಮುಂದಾಗಿದೆ ಸರ್. ನಿನ್ನೆ ನಾನು ಆ ಲಿಫ್ಟಲ್ಲಿ ಬರಲಿಲ್ಲ, ಈ ಲಿಫ್ಟಲ್ಲಿ ಬಂದೆ. ದಿಕ್ಕು ತಪ್ಪಿದೆ. ನಕ್ಷೇಲಿ ನಿಮ್ಮ ಕೋಣೆ ಬೀದಿ ಕಡೆ ಇದೆ, ಅಂದ್ರೆ ಈಗ ಇವರು ಕೂತಿದ್ದಾರಲ್ಲ, ಅಲ್ಲಿ. ಇವರದು ನೀವು ನೋಡಿಬಂದ ಜಾಗ."

ನಿರ್ದೇಶಕರ ಬೆರಳು ಮೂಗಿಗೆ ಹೋಯಿತು. "ಮತ್ತೆ ನಾನು ನೋಡಿದ ಕಿಟಕಿ?"

"ಅದು ಕಿಟಕಿ ಅಲ್ಲ ಸರ್. ಗೋಡೆ. ಗಾಜಿನ ಹಿಂದೆ ಟ್ಯೂಬ್‌ಲೈಟ್."

ಮೇಲೆ ಯಾವುದೋ ಕೊಳವೆಯಲ್ಲಿ ನೀರು ಹರಿದುಹೋದ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ನಿರ್ದೇಶಕರಿಗೆ ಕಾಯುತ್ತಿದ್ದಳು, ಬೈಗುಳಕ್ಕೆ ಕಿವಿ ಒಡ್ಡಿ. ಮಾತು ಬಂದದ್ದು ಪಕ್ಕದಿಂದ.

"ಅವತ್ತು ನಮ್ಮ ಬೆಂಚಿನ ಮೇಲೆ ಕೂತ್ಕೊಂಡು ಹೇಳಿದ್ಯಲ್ಲಮ್ಮ, ದುಂಡು ಕಿಟಕಿ ಅಂತ," ಫೋನಕ್ಕ ಕೇಳಿದಳು. "ಅವತ್ತು ನೀನು ತೋರಿಸಿದ್ದು ಆ ಟ್ಯೂಬ್‌ಲೈಟಾ?"

"ಹೂಂ."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅಕ್ಕ."

ಫೋನಕ್ಕ ಅವಳ ಮುಖದಿಂದ ಕಣ್ಣು ತೆಗೆದಳು. ಕೆನ್ನೆಗೆ ಹೊಡೆದಿದ್ದರೆ ಒಳ್ಳೆಯದಿತ್ತು. ಸೆರಗಿನ ತುದಿಯಿಂದ ಕೈಗೆ ಹತ್ತಿದ ಪ್ಲಾಸ್ಟಿಕ್ಕಿನ ಧೂಳನ್ನು ಒಂದೊಂದೇ ಬೆರಳಿನಿಂದ ಒರೆಸಿಕೊಂಡಳು, ಅದನ್ನು ಬಿಟ್ಟರೆ ಲೋಕದಲ್ಲಿ ಬೇರೆ ಕೆಲಸವೇ ಇಲ್ಲದ ಹಾಗೆ. ತಪ್ಪು ಒಪ್ಪಿಕೊಂಡವಳಿಗೆ ಆ ಹೊತ್ತಿನಲ್ಲಿ ತನ್ನ ಕಾಲ ಕೆಳಗಿನ ನೆಲ ಮೊದಲ ಸಲ ನೆಲದ ಹಾಗೆ ಅನಿಸಿತು. ಅವಮಾನವೆಂಬುದನ್ನು ಅವಳು ಇಷ್ಟು ದಿನ ಮೇಲಿನಿಂದ ಬೀಳುವ ಭಾರ ಅಂದುಕೊಂಡಿದ್ದಳು. ಇದು ಬೇರೆ. ಇದು ತಾನೇ ಬಗ್ಗಿ ಎತ್ತಿಕೊಂಡದ್ದು, ಕೈಗೆ ಅದರ ತೂಕ ತಿಳಿಯುತ್ತಿತ್ತು, ಹೊರಬಹುದು ಅನಿಸುತ್ತಿತ್ತು.

"ಗೋಡೆಗೆ ಯಾಕ್ರೀ ಕಿಟಕಿ ಇಟ್ರು?" ನಿರ್ದೇಶಕರು ಯಾರನ್ನೂ ನೋಡದೆ ಕೇಳಿದರು.

"ಚೆಂದಕ್ಕೆ ಸರ್," ಎಂದರು ಯಜಮಾನರು. ಇಷ್ಟು ಹೊತ್ತು ಕಂಬಕ್ಕೆ ಒರಗಿ ನಿಂತಿದ್ದವರು ಈಗ ಬಂದು ಅವಳ ಪಕ್ಕದಲ್ಲಿ ನಿಂತರು. "ಆ ಕಾಲದಲ್ಲಿ ಹಾಗೇ. ಒಂದು ಕಡೆ ಇದ್ರೆ ಇನ್ನೊಂದು ಕಡೆ ಇರಬೇಕು. ಹುಡುಗಿ ತಪ್ಪಿಲ್ಲ ಸರ್ ಇದರಲ್ಲಿ. ಎರಡು ಬದಿಯೂ ಒಂದೇ ಥರ ಇದ್ರೆ ಎಂಥೋರೂ ತಪ್ತಾರೆ. ಈಗ ನಂಗೂ ಗೊತ್ತಾಗಲಿಲ್ಲ. ನಿಮಗೂ ಗೊತ್ತಾಗಲಿಲ್ಲ." ಕೊನೆಯ ಮಾತು ಬಾಯಿಂದ ಜಾರಿದ ಮೇಲೆ ತುಟಿ ಕಚ್ಚಿಕೊಂಡರು.

ಆದರೆ ನಿರ್ದೇಶಕರಿಗೆ ಅದೇ ನಾಟಿದ ಹಾಗಿತ್ತು. "ನನಗೂ ಗೊತ್ತಾಗಲಿಲ್ಲ," ಎಂದು ತಮಗೇ ಹೇಳಿಕೊಂಡರು. ಆಮೇಲೆ ಹಜಾರ ದಾಟಿ ಬೀದಿಯ ತುದಿಗೆ ಹೋದರು. ಇವರೆಲ್ಲ ಹಿಂದೆ ಹೋದರು. ನಿರ್ದೇಶಕರು ಫೋನಕ್ಕ ಮಾಡಿದ ಕಂಡಿಯಲ್ಲಿ ಬೆರಳು ತೂರಿಸಿ, ಯಾರೂ ಬೇಡ ಅನ್ನುವ ಮೊದಲೇ, ಪ್ಲಾಸ್ಟಿಕ್ಕನ್ನು ಪರ್ರನೆ ಕೆಳಗಿನಿಂದ ಮೇಲಕ್ಕೆ ಸೀಳಿದರು. ಬೆಳಕು ಬಂತು ಎಂದರೆ ಸಾಲದು, ಬೀದಿಯೇ ಒಳಗೆ ಬಂತು. ಎದುರಿನ ಮನೆಗಳ ಬಿಸಿಲುಮಚ್ಚು, ಒಣಗಲು ಹಾಕಿದ ಬಟ್ಟೆ, ಬಸ್ಸಿನ ನೆತ್ತಿ, ಅದರ ಹಾರನ್ನು, ಎಲ್ಲ ಒಟ್ಟಿಗೆ. ನಿರ್ದೇಶಕರು ಹಾರನ್ನಿಗೆ ಮುಖ ಕಿವುಚಿದರು, ಬಿಸಿಲಿಗೆ ಕಣ್ಣು ಕಿರಿದು ಮಾಡಿದರು, ಹಾಗೆಯೇ ನಿಂತರು. ಆ ಮುಖದಲ್ಲಿ ಆಸೆ ಇದ್ದುದನ್ನು ಅವಳು ನೋಡಿದಳು. ಮನುಷ್ಯನಿಗೆ ಬೀದಿ ಬೇಕು, ಬೀದಿಯ ಸದ್ದು ಬೇಡ.

"ಈ ಕಟ್ಟಡ ಎದ್ದಾಗಿನಿಂದ ನಿರ್ದೇಶಕರು ಕೂತಿರೋದು ಈ ಕಣ್ಣಿನ ಹಿಂದೆ. ನಾನು ಹೋಗಿ ಗೋಡೆ ಪಕ್ಕ ಕೂತ್ರೆ ಜನ ಏನಂತಾರೆ?"

ಪ್ರಶ್ನೆ ಯಜಮಾನರಿಗಿತ್ತು. ಉತ್ತರ ಕೊಟ್ಟದ್ದು ಫೋನಕ್ಕ, ತಲೆ ಎತ್ತದೆ. "ಜನ ದಿನಾ ನಮ್ಮ ಹತ್ರ ಮಾತಾಡ್ತಾರಲ್ಲ ಸರ್. ಇಷ್ಟು ವರ್ಷದಲ್ಲಿ ಒಬ್ಬರೂ ನೀವು ಎಲ್ಲಿ ಕೂರ್ತೀರಿ ಅಂತ ಕೇಳಿಲ್ಲ. ನೀರು ಯಾವಾಗ ಬರುತ್ತೆ ಅಂತಾರೆ, ಅಷ್ಟೇ."

ನೆಗಡಿಯವಳು ಕೆಮ್ಮಿನಲ್ಲಿ ನಗು ಅಡಗಿಸಿದಳು. ಯಜಮಾನರು ಚಾವಣಿ ನೋಡಿದರು. ನಿರ್ದೇಶಕರು ಫೋನಕ್ಕನನ್ನು ನೋಡಿದರು, ಬಹುಶಃ ಮೊದಲ ಸಲ, ದನಿಗೊಂದು ಮುಖ ಇದೆ ಎಂದು ಈಗ ತಿಳಿದವರ ಹಾಗೆ. ಆಮೇಲೆ ನಕ್ಷೆ ಹಿಡಿದು ನಿಂತಿದ್ದ ಅವಳ ಕಡೆ ತಿರುಗಿ, "ನಿನ್ನ ನಕ್ಷೇನ ಹೀಗೇ ತಿರುಗಿಸಿ ಬರೆಯೋಕಾಗುತ್ತಾ?" ಎಂದು ಕೇಳಿದರು.

"ಆಗುತ್ತೆ ಸರ್. ಹಾಳೆ ತಿರುಗಿಸಿದ ಹಾಗಲ್ಲ. ತಂತಿ, ಗಾಳಿ ಕೊಳವೆ, ಬೆಂಕಿ ಬಿದ್ದಾಗ ಇಳಿಯೋ ದಾರಿ, ಎಲ್ಲ ಮತ್ತೆ ಮೊದಲಿಂದ ನೋಡಬೇಕು." ಹೇಳುತ್ತ ಹೇಳುತ್ತ ಅವಳಿಗೆ ಆ ಕೆಲಸವೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು, ಒಂದೊಂದಕ್ಕೂ ಮನಸ್ಸು ಹೂಂಗುಟ್ಟಿತು. "ಆದ್ರೆ ಆ ಕಡೆ ಗೋಡೆ ಒಡೆಯೋಕಾಗಲ್ಲ. ನಿಮಗೆ ಬೆಳಕು ಟ್ಯೂಬ್‌ಲೈಟಿನದೇ. ಅದನ್ನ ಈಗಲೇ ಹೇಳಿಬಿಡ್ತೀನಿ."

"ಅಂತೂ ಯಾರೋ ಒಬ್ಬರು ಹೇಳಿದ್ರಲ್ಲ," ಎಂದರು ಅವರು. "ಮಾತು ಕೊಡಲ್ಲ. ಒಂದು ವಾರ ಕೂತು ನೋಡ್ತೀನಿ. ಈ ತಲೆಗೆ ಅದು ಒಗ್ಗುತ್ತಾ ಅಂತ. ಒಗ್ಗದಿದ್ರೆ ನಿಮ್ಮ ಹಳೇ ನಕ್ಷೆ ಇದ್ದೇ ಇದೆ."

ಗಾರೆಯವರು ಕೂರುವ ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಯಜಮಾನರು ಎತ್ತಲು ಹೋದರೆ ನಿರ್ದೇಶಕರು ಕೊಡಲಿಲ್ಲ. ತಾವೇ ಹಿಡಿದುಕೊಂಡು ಇಡೀ ಮಹಡಿಯ ಉದ್ದ ನಡೆದು, ಗೆರೆಗಳ ಪಕ್ಕ ಪಕ್ಕ ತಿರುಗಿ, ಬಾಗಿಲಿನ ಸಂದಿನಲ್ಲಿ ಹೊಕ್ಕು, ಸುಳ್ಳು ಕಣ್ಣಿನ ಮುಂದೆ ಕೂತರು. ಇಷ್ಟು ದೂರದಿಂದ ಅವರು ತೀರ ಚಿಕ್ಕವರಾಗಿ ಕಂಡರು. ಯಜಮಾನರು ಅವಳ ಕೈಯಿಂದ ನಕ್ಷೆಯ ಸುರುಳಿ ತೆಗೆದುಕೊಂಡು, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಬಿಚ್ಚಿ ಹರಡಿ, "ಬಾ, ಗಾಳಿ ಕೊಳವೆ ಎಲ್ಲಿ ಹಾದುಹೋಗುತ್ತೆ ತೋರಿಸು" ಎಂದರು, ಬೈಯುತ್ತಿದ್ದಾರೋ ಕರೆಯುತ್ತಿದ್ದಾರೋ ತಿಳಿಯದ ದನಿಯಲ್ಲಿ. ಅವಳು ಹೋಗುವ ಮೊದಲು, ತನ್ನ ಜಾಗದಲ್ಲಿ ಮತ್ತೆ ಕೂತಿದ್ದ ಫೋನಕ್ಕನ ಹತ್ತಿರ ನಿಂತಳು. ಫೋನಕ್ಕ ಅವಳನ್ನು ನೋಡಲಿಲ್ಲ, ಆದರೆ ಬೋಗುಣಿಯ ತಳದಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದಳು. ಅಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಾಯಿತು.

ಆಗ ಮಹಡಿಯ ಆ ತುದಿಯಿಂದ, ಗೋಡೆಗಳೇ ಇಲ್ಲದ ಅಷ್ಟು ಉದ್ದ ಬಯಲನ್ನು ದಾಟಿಕೊಂಡು, ನಿರ್ದೇಶಕರ ದನಿ ಬಂತು. ತಿರುಗಿ ನೋಡದೆ ಕೇಳುತ್ತಿದ್ದರು. "ಅಲ್ಲಿ ಏನು ಕಾಣುತ್ತೆ?"

ಫೋನಕ್ಕ ತಬ್ಬಿಬ್ಬಾದಳು. ಅಷ್ಟು ವರ್ಷದಲ್ಲಿ ಅವಳನ್ನು ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ಗಂಟಲು ಸರಿಪಡಿಸಿಕೊಂಡು, ದಿನವೂ ಸಾವಿರ ಮಂದಿ ಕೇಳುವ ಆ ತಿಳಿಯಾದ ದನಿಯನ್ನು ಹುಡುಕಿ ತೆಗೆದು, ಬೀದಿಗೆ ಬಾಗಿದಳು.

"ಇಬ್ಬರು ಸೇರಿ ಒಂದು ದೊಡ್ಡ ಕನ್ನಡಿ ಹೊತ್ಕೊಂಡು ರಸ್ತೆ ದಾಟ್ತಿದ್ದಾರೆ ಸರ್. ಬಸ್ಸು ನಿಂತಿದೆ ಅವರಿಗೋಸ್ಕರ. ಕನ್ನಡಿ ಒಳಗೆ ಬಸ್ಸು ಕಾಣ್ತಿದೆ. ಹಿಂದಿನೋನು ಬೇಗ ಬೇಗ ಅಂತಿದ್ದಾನೆ, ಮುಂದಿನೋನು ಕೇಳ್ತಿಲ್ಲ, ಕನ್ನಡೀಲಿ ತನ್ನ ಮೀಸೆ ನೋಡ್ಕೊಂಡು ನಿಂತ್ಬಿಟ್ಟಿದ್ದಾನೆ, ನಡುರಸ್ತೇಲಿ."

ಆ ತುದಿಯಲ್ಲಿ ಕುರ್ಚಿ ಕಿರುಗುಟ್ಟಿತು, ಅದರಲ್ಲಿದ್ದವರು ಕಾಲು ಚಾಚಿ ಒರಗಿಕೊಂಡ ಹಾಗೆ.

"ಹೂಂ," ಎಂದಿತು ದನಿ. "ಆಮೇಲೆ?"